ಚಕ್ಕೆಯ ಬೀದಿಗೊಂದು ಅಟ್ಟೆ

ವೆಂಕಟರತ್ನಮ್ಮನಿಗೆ ಕನಸು ಬೀಳಲು ನಿದ್ದೆಯೇ ಬೇಕೆಂದಿಲ್ಲ. ಶಿವಾರಪಟ್ಟಣದಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದರೆ ಮುಗಿಯಿತು, ಕಣ್ಣು ಬಿಟ್ಟುಕೊಂಡೇ ಎಲ್ಲೋ ಹೊರಟುಹೋಗುತ್ತಾಳೆ. ಮಾಲೂರು ಹತ್ತಿರವಾಗುತ್ತಿದ್ದಂತೆ ಇಟ್ಟಿಗೆ ಗೂಡುಗಳ ಹೊಗೆ ಬೆಳಗಿನ ಮಂಜಿನೊಳಗೆ ಇಳಿದು, ಯಾವುದು ಹೊಗೆ ಯಾವುದು ಮಂಜು ಅಂತ ಗೊತ್ತಾಗದ ಒಂದು ತಿರುವು ಬರುತ್ತದೆ. ಅಲ್ಲಿ ರಸ್ತೆ ಕಾಣುವುದಿಲ್ಲ, ಮರಗಳ ತಲೆಗಳು ಮಾತ್ರ ತೇಲುತ್ತಿರುತ್ತವೆ. ಬಸ್ಸು ನೆಲ ಬಿಟ್ಟು ಹೋಗುತ್ತಿದೆ ಅಂತಲೇ ಅವಳಿಗೆ ಅನ್ನಿಸುವುದು. "ಯಮ್ಮಾ, ಲೋಕ ಸುತ್ತಿ ಬಂದಿದ್ದಾಯ್ತಾ? ಇಳೀರಿ, ನಿಮ್ಮ ಸ್ಟಾಪು" ಅಂತ ಕಂಡಕ್ಟರ್ ರೇಗಿಸಿದ ಮೇಲೆಯೇ ಅವಳು ಸೆರಗು ಸರಿಮಾಡಿಕೊಂಡು ಏಳುತ್ತಿದ್ದದ್ದು.

ಅವಳು ಕೆಲಸ ಮಾಡುತ್ತಿದ್ದದ್ದು ಚಪ್ಪಲಿಯ ಅಟ್ಟೆಗೆ ಶೀಟು ತಯಾರಿಸುವ ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿಯೂ ಕನಸಿಗೇನು ಕಮ್ಮಿ! ಪ್ಲಾಸ್ಟಿಕ್ ಬರುವುದು ಮೂಟೆಯಲ್ಲಿ, ಥೇಟ್ ಸಬ್ಬಕ್ಕಿಯ ಹಾಗೆ, ಬೆಳ್ಳಗೆ, ಗುಂಡಗೆ. ರಬ್ಬರು ಬರುವುದು ದಪ್ಪ ಹಾಳೆಗಳಲ್ಲಿ. ಒಂದಕ್ಕೊಂದು ಎದುರಾಗಿ ತಿರುಗುವ ಎರಡು ಬಿಸಿ ರೋಲರುಗಳ ನಡುವೆ ಮೊದಲು ಆ ಕಾಳನ್ನು ಸುರಿಯುತ್ತಾರೆ. ಅದು ಕರಗಿ, ರೋಲರಿಗೆ ಸೀರೆ ಸುತ್ತಿದಂತೆ ಸುತ್ತಿಕೊಳ್ಳುತ್ತದೆ. ಆಮೇಲೆ ರಬ್ಬರಿನ ತುಂಡು. ಮೊದಮೊದಲು ಎರಡೂ ಮುಖ ತಿರುಗಿಸಿಕೊಂಡು ಬೇರೆ ಬೇರೆಯಾಗಿಯೇ ಇರುತ್ತವೆ. ಕತ್ತರಿಸಿ, ಮಡಿಸಿ, ಮತ್ತೆ ಮತ್ತೆ ರೋಲರಿಗೆ ಕೊಡುತ್ತಾ ಇದ್ದರೆ ಯಾವುದೋ ಒಂದು ಗಳಿಗೆಯಲ್ಲಿ ಗೆರೆಗಳೆಲ್ಲ ಮಾಯವಾಗಿ ಒಂದೇ ಮೈ ಆಗುತ್ತದೆ. ಆ ಗಳಿಗೆಯನ್ನು ಹಿಡಿಯಬೇಕು ಅಂತ ರತ್ನಮ್ಮ ಎಷ್ಟೋ ಸಲ ಕಣ್ಣು ಮಿಟುಕಿಸದೆ ಕಾದಿದ್ದಳು. ಯಾವತ್ತೂ ಸಿಕ್ಕಿರಲಿಲ್ಲ.

"ಬರೀ ಪ್ಲಾಸ್ಟಿಕ್ ಆದ್ರೆ ಗಡುಸು ಜಾಸ್ತಿ, ಮಡಿಸಿದ ಕಡೆ ಬಿರುಕು ಬಿಡುತ್ತೆ ರತ್ನಕ್ಕ. ಬರೀ ರಬ್ಬರ್ ಆದ್ರೆ ಮೆತ್ತಗೆ, ಆಕಾರಾನೇ ನಿಲ್ಲಲ್ಲ. ಬೆರೆಸಿದ್ರೆ ಒಂದರ ಹಠಾನ ಇನ್ನೊಂದು ಮುರಿಯುತ್ತೆ" ಅಂತ ಅವಳು ಸೇರಿದ ಹೊಸದರಲ್ಲಿ ಹೇಳಿಕೊಟ್ಟವನು ಸೂಪರ್‌ವೈಸರ್ ನಂದೀಶ. ಡಿಪ್ಲೊಮಾ ಓದಿದ, ಅವಳಿಗಿಂತ ಚಿಕ್ಕ ವಯಸ್ಸಿನ, ಗಡಿಬಿಡಿಯ ಒಳ್ಳೇ ಹುಡುಗ. ತಯಾರಾದ ಶೀಟಿನಿಂದ ಒಂದು ಪಟ್ಟಿ ಕತ್ತರಿಸಿ, ಎಳೆದು, ಮಡಿಸಿ, ಹೆಬ್ಬೆರಳಿನಿಂದ ಒತ್ತಿ ನೋಡುವುದು ರತ್ನಮ್ಮನ ಕೆಲಸ. ಆಮೇಲೆ ಅದೇ ಪಟ್ಟಿಯನ್ನು ಎಳೆಯುವ ಮಿಷನ್ನಿಗೆ ಸಿಕ್ಕಿಸಿ, ಎಷ್ಟಕ್ಕೆ ಹರಿಯಿತು ಅಂತ ನೋಡುವುದು ನಂದೀಶನ ಕೆಲಸ. ಕೈಯೂ ಮಿಷನ್ನೂ ಜಗಳವಾಡಿದ್ದು ಕಡಿಮೆ.

ರತ್ನಮ್ಮ ಹುಟ್ಟಿದ್ದು ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಮಾವಿನ ತೋಪಿನ ಊರಿನಲ್ಲಿ. ಮನೆಮಾತು ತೆಲುಗು. ಹಬ್ಬಕ್ಕೆ ಹೋಳಿಗೆ ಮಾಡುವಾಗ ಅವಳಮ್ಮ ಕಣಕವನ್ನು ಎಣ್ಣೆಯಲ್ಲಿ ನಾದಿ ನಾದಿ ಬೆರಳಿಗೆ ಸುತ್ತಿ ಎಳೆದು, "ಸಾಗಾಲಮ್ಮಾ, ಬಾಗಾ ಸಾಗಾಲಿ" ಅನ್ನುತ್ತಿದ್ದಳು. ತೆಲುಗಿನಲ್ಲಿ ಸಾಗುವುದೆಂದರೆ ಎಳೆದಷ್ಟೂ ಉದ್ದವಾಗುವುದು. ಕನ್ನಡದಲ್ಲಿ ಸಾಗುವುದೆಂದರೆ ಮುಂದಕ್ಕೆ ಹೋಗುವುದು. ಬಾಳು ಸಾಗುತ್ತದೆ, ಕೆಲಸ ಸಾಗುತ್ತದೆ, ಲಾರಿ ಸಾಮಾನು ಸಾಗಿಸುತ್ತದೆ. ಈ ವ್ಯತ್ಯಾಸ ಆ ಊರಿನವರಿಗೆ ಗೊತ್ತೇ ಇಲ್ಲ ಅಂತೇನಲ್ಲ. ಎರಡು ಭಾಷೆಯನ್ನೂ ಒಂದೇ ಬಾಯಲ್ಲಿ ಆಡುವವರಿಗೆ ಯಾವ ಮಾತು ಯಾವ ಕಡೆಯದು ಅಂತ ಯೋಚಿಸುವ ಪುರಸೊತ್ತು ಎಲ್ಲಿರುತ್ತದೆ?

ಕಲ್ಲು ಕೆತ್ತುವವರ ಊರಾದ ಶಿವಾರಪಟ್ಟಣದ ಕದಿರೇಶ ಅವಳ ಊರಿಗೆ ಬಂದದ್ದು ತಾನೇ ಕೆತ್ತಿದ ಬಸವಣ್ಣನ ವಿಗ್ರಹ ನಿಲ್ಲಿಸಲು. ಕಲ್ಲುಪುಡಿಯಿಂದ ಅವನ ರೆಪ್ಪೆಯೂ ಬೆಳ್ಳಗಾಗಿತ್ತು. ಕುಡಿಯಲು ನೀರು ಕೇಳಿದ. ಅವಳು ಚೊಂಬು ಕೊಟ್ಟು, ಈ ಮನುಷ್ಯ ಕಲ್ಲಿನೊಳಗಿಂದಲೇ ಎದ್ದು ಬಂದನೇನೋ ಅಂತ ಬಾಯಿಬಿಟ್ಟುಕೊಂಡು ನಿಂತುಬಿಟ್ಟಳು. ಅವನಿಗೆ ಆ ನಿಂತಿದ್ದೇ ಇಷ್ಟವಾಯಿತಂತೆ. ಮದುವೆಯಾಗಿ ಬಂದ ಮೇಲೆ ಅವಳು ಕನ್ನಡ ಕಲಿತಳು, ಅವನು ಅರ್ಧಂಬರ್ಧ ತೆಲುಗು ಕಲಿತ. ಜಗಳ ಮಾತ್ರ ಇಬ್ಬರೂ ಅವರವರ ಭಾಷೆಯಲ್ಲೇ ಆಡುತ್ತಿದ್ದರು, ಹಾಗಾಗಿ ಯಾವ ಜಗಳವೂ ಪೂರ್ತಿ ಅರ್ಥವಾಗದೆ ಅರ್ಧಕ್ಕೇ ನಗುವಿನಲ್ಲಿ ಮುಗಿಯುತ್ತಿತ್ತು.

ಕದಿರೇಶನಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಆದರೆ ಅದು ಅವನ ಕಾಲಿಗೆ ಇಳಿದದ್ದು ಗೊತ್ತಾದ ಬಗೆ ಕೇಳಿ. ಒಂದು ಸಂಜೆ ಕೆತ್ತನೆಯ ಶೆಡ್ಡಿನಿಂದ ಮನೆಗೆ ಬಂದವನ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. "ಇನ್ನೊಂದೆಲ್ರೀ?" ಅಂತ ರತ್ನಮ್ಮ ಕೇಳಿದರೆ, ಅವನು ಬಗ್ಗಿ ನೋಡಿಕೊಂಡು, "ಅರೆ! ಹಾಕ್ಕೊಂಡೇ ಬಂದೆನಲ್ಲೇ" ಅಂದ. ಅವಳು ನಕ್ಕಳು. ನಗುತ್ತಾ ನಗುತ್ತಾ ಬಗ್ಗಿ ಅವನ ಪಾದ ಹಿಡಿದು ನೋಡಿದಳು. ಬೀದಿಯುದ್ದಕ್ಕೂ ಬರಿಗಾಲಲ್ಲಿ ನಡೆದದ್ದು ಅವನ ಪಾದಕ್ಕೆ ಗೊತ್ತೇ ಆಗಿರಲಿಲ್ಲ.

ಕೋಲಾರದ ಡಾಕ್ಟರಮ್ಮ ಪಾದವನ್ನು ಸಣ್ಣ ತಂತಿಯಿಂದ ಅಲ್ಲಲ್ಲಿ ಮುಟ್ಟಿ, "ಇಲ್ಲಿ ಗೊತ್ತಾಗುತ್ತಾ? ಇಲ್ಲಿ?" ಅಂತ ಕೇಳಿದರು. ಕದಿರೇಶ ಮೇಲೆ ಫ್ಯಾನು ನೋಡುತ್ತಾ ಇಲ್ಲ, ಇಲ್ಲ ಅನ್ನುತ್ತಿದ್ದ. ಸ್ಪರ್ಶ ಹೋಗಿದೆ, ಗಾಯವಾದರೂ ತಿಳಿಯುವುದಿಲ್ಲ, ತಿಳಿಯದ ಗಾಯ ಕೊಳೆತರೆ ಬೆರಳು ಹೋಗುತ್ತದೆ, ಆಮೇಲೆ ಪಾದ, ಅಂತ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಕಲ್ಲಿನ ಚಕ್ಕೆ ಇರುವ ಕಡೆ ಓಡಾಡಲೇಬೇಡಿ ಅಂದರು. ಅಯ್ಯೋ, ಶಿವಾರಪಟ್ಟಣದಲ್ಲಿ ಚಕ್ಕೆ ಇಲ್ಲದ ಕಡೆ ಯಾವುದು ಸ್ವಾಮಿ? ಬೀದಿಯಲ್ಲಿ ಚಕ್ಕೆ, ಹಿತ್ತಲಲ್ಲಿ ಚಕ್ಕೆ, ಶೆಡ್ಡಿನಲ್ಲಂತೂ ಪಾದ ಮುಳುಗುವಷ್ಟು ಚಕ್ಕೆ. "ಉಳಿ ಬಿಟ್ಟು ಕೂತ್ಕೊಂಡ್ರೆ ನಾನು ಬದುಕಿರ್ತೀನಾ ರತ್ನಾ?" ಅಂತ ಅವನು ವಾಪಸು ಬರುವ ಬಸ್ಸಿನಲ್ಲಿ ಕೇಳಿದ. ಅಂಗಡಿಯ ಚಪ್ಪಲಿಗಳು ಅವಳ ತಲೆಯಲ್ಲಿ ಸಾಲಾಗಿ ಹೋಗುತ್ತಿದ್ದವು. ಗಡುಸಿನದು ಹಾಕಿದರೆ ಅಂಚು ಉಜ್ಜಿ ಗಾಯ. ಮೆತ್ತನೆಯದು ಹಾಕಿದರೆ ಚಕ್ಕೆ ಒಳಕ್ಕೆ ಬಂದು ಗಾಯ. ಕದಿರೇಶನ ಪಾದ ಉಳಿಯಬೇಕಾದರೆ ಎರಡೂ ಬೇಕು, ಮೆತ್ತಗೂ ಇರಬೇಕು, ಚಕ್ಕೆಗೆ ದಾರಿಯನ್ನೂ ಕೊಡಬಾರದು.

ಅಂಥದ್ದನ್ನು ನಾವೇ ಮಾಡೋಣ ಅಂತ ಅವಳು ನಂದೀಶನನ್ನು ಕೇಳಿದಳು. ಅವನು ಯಜಮಾನರನ್ನು ಕೇಳಿ, ದಿನದ ಕೆಲಸ ಮುಗಿದ ಮೇಲೆ ಉಳಿದ ಮಾಲಿನಲ್ಲಿ ಮಾಡಿಕೊಳ್ಳಲು ಒಪ್ಪಿಗೆ ತಂದ. ಮೊದಲ ಶೀಟಿನಲ್ಲಿ ಪ್ಲಾಸ್ಟಿಕ್ ಹೆಚ್ಚಾಯಿತು. ಹೆಬ್ಬೆರಳು ಒತ್ತಿದರೆ ತಗ್ಗಲೇ ಇಲ್ಲ, ಮಡಿಸಿದರೆ ಬೆಳ್ಳನೆಯ ಗೆರೆ ಮೂಡಿ ಅಲ್ಲೇ ಸೀಳಿತು. "ಇನ್ನೊಂಚೂರು ರಬ್ಬರ್ ಹಾಕಪ್ಪ" ಅಂದಳು. ಮುಂದಿನದು ಮೆತ್ತಗಾಯಿತು. "ಇನ್ನೊಂಚೂರು." ಅದೂ ಆಯಿತು. "ಇನ್ನೂ ಒಂಚೂರು ಕಣಪ್ಪ, ನಮ್ಮನೆಯವ್ರ ಪಾದ." ನಂದೀಶ ನಕ್ಕ. "ರತ್ನಕ್ಕ, ನೀವು ಚಪ್ಪಲಿ ಮಾಡ್ತಿದೀರೋ ಹಾಸಿಗೆ ಮಾಡ್ತಿದೀರೋ?" ಅಂದ. ನಿಜ ಹೇಳಬೇಕೆಂದರೆ ಅವಳು ಹಾಸಿಗೆಯನ್ನೇ ಮಾಡುತ್ತಿದ್ದಳು. ರೋಲರಿನಿಂದ ಇಳಿದು ಬರುವ ಬೆಚ್ಚನೆಯ ಶೀಟಿನ ಮೇಲೆ ಕೈಯಿಟ್ಟುಕೊಂಡು, ಶಿವಾರಪಟ್ಟಣದ ಬೀದಿಗೆಲ್ಲ ಇದನ್ನೇ ಹಾಸಿದ ಹಾಗೆ, ಅವನು ಅದರ ಮೇಲೆ ಚಿಕ್ಕ ಹುಡುಗನಂತೆ ಕುಪ್ಪಳಿಸುತ್ತಾ ಬರುತ್ತಿರುವ ಹಾಗೆ ಕಾಣುತ್ತಾ ನಿಂತಿರುತ್ತಿದ್ದಳು. ಪ್ರೀತಿಯೆಂದರೆ ಮೆತ್ತಗಿರುವುದು ಅಂತ ಅವಳು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಳು.

ಕೊನೆಯ ಶೀಟನ್ನು ಎಳೆದಾಗ ಅವಳಿಗೇ ಗಾಬರಿಯಾಯಿತು. ಎಳೆದಷ್ಟೂ ಬಂತು, ಬಿಟ್ಟರೆ ಪೂರ್ತಿ ಹಿಂದಕ್ಕೆ ಹೋಗಲಿಲ್ಲ. ಉಗುರು ಒತ್ತಿದರೆ ಉಗುರು ಇಳಿಯಿತು. ಇದು ಆಗುವುದಿಲ್ಲ ಅಂತ ಗೊತ್ತಾಗಿಹೋಯಿತು. ಶೀಟುಗಳನ್ನು ಬಿಸಿಯಲ್ಲಿ ಒತ್ತುವ ಪ್ರೆಸ್ಸಿನ ಆಚೆಯಿಂದ ನಂದೀಶ ರೋಲರುಗಳ ಸದ್ದನ್ನು ಮೀರಿ ಕೂಗಿದ. "ಹೆಂಗಿದೆ ರತ್ನಕ್ಕ?"

"ಸಾಗ್ತದೆ ಕಣಪ್ಪ! ಸಾಗ್ತದೆ!" ಅಂತ ಅವಳೂ ಕೂಗಿದಳು.

ಅವಳ ಬಾಯಿ ಮೂಗಿಗೆ ಮಾಸ್ಕ್ ಇತ್ತು. ಮುಖ ಸಪ್ಪಗಾದದ್ದು ಅವನಿಗೆ ಕಾಣಲಿಲ್ಲ. ಅವನು ಹೆಬ್ಬೆರಳೆತ್ತಿ ತೋರಿಸಿದ. ಕಾರ್ಖಾನೆಯ ಮಾಲಲ್ಲವಾದ್ದರಿಂದ ಎಳೆಯುವ ಮಿಷನ್ನಿಗೂ ಅದು ಹೋಗಲಿಲ್ಲ. ಈ ಶೀಟು ಹಾಳಾದರೆ ಹಾಳಾಗಲಿ, ಊರಿಂದ ಬಂದ ಮೇಲೆ ಮತ್ತೆ ಮಾಡಿದರಾಯಿತು ಅಂದುಕೊಂಡು ರತ್ನಮ್ಮ ಚೀಲ ಎತ್ತಿಕೊಂಡಳು. ಮಾರನೆಯ ದಿನ ಶ್ರೀನಿವಾಸಪುರದ ಕಡೆ ತಂಗಿಯ ಮೊಮ್ಮಗುವಿಗೆ ನಾಮಕರಣ.

ನಾಮಕರಣ ಚೆನ್ನಾಗಿ ನಡೆಯಿತು. ಮಾವಿನ ತೋಪಿನಲ್ಲಿ ಚಾಪೆ ಹಾಸಿಕೊಂಡು ಮಲಗಿ, ಎಲೆಗಳ ಸಂದಿಯಿಂದ ಬೀಳುವ ಬಿಸಿಲನ್ನು ಮುಖದ ಮೇಲೆ ಓಡಾಡಲು ಬಿಟ್ಟುಕೊಂಡು, ಅವಳು ಅಮ್ಮನ ಧ್ವನಿಯನ್ನು ಕೇಳಿಸಿಕೊಳ್ಳುತ್ತಿದ್ದಳು. ಅಮ್ಮ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಆದರೆ ಆ ತೋಪಿನಲ್ಲಿ ಕಾಲಕ್ಕೆ ಅಷ್ಟೇನೂ ಅವಸರವಿರಲಿಲ್ಲ. ಎದ್ದು ಬಸ್ಸು ಹಿಡಿದು ಶಿವಾರಪಟ್ಟಣಕ್ಕೆ ಬಂದಿಳಿದಾಗ ಇನ್ನೂ ಬಿಸಿಲಿತ್ತು.

ಬೀದಿಯ ತುದಿಯಲ್ಲಿ ಕದಿರೇಶ ಎದುರಾದ. ಕೈ ಬೀಸಿಕೊಂಡು, ಹಗುರಾಗಿ, ಅವಳ ಕನಸಿನಲ್ಲಿ ಬರುತ್ತಿದ್ದನಲ್ಲ, ಥೇಟ್ ಹಾಗೇ ಬರುತ್ತಿದ್ದ. ಮನಸ್ಸಿನಲ್ಲಿದ್ದದ್ದು ಬೀದಿಗೆ ಹೇಗೆ ಬಂತು ಅಂತ ಅವಳು ಒಂದು ಕ್ಷಣ ನಿಂತೇಬಿಟ್ಟಳು.

"ಬಂದ್ಯೇನೇ? ನೋಡು, ನಿನ್ನ ಚಪ್ಪಲಿ! ನಂದೀಶ ರಾತ್ರೀನೇ ಮಾಡಿಸಿ, ಬೆಳಿಗ್ಗೇನೇ ಬೈಕಲ್ಲಿ ತಂದ್ಕೊಟ್ಟು ಹೋದ. ಪಾದಕ್ಕೇನೂ ಗೊತ್ತಾಗಲ್ಲ ಬಿಡು, ಮಂಡಿಗೆ ಗೊತ್ತಾಗ್ತದೆ. ನೆಲ ನನ್ನ ಗುದ್ದೋದು ಬಿಟ್ಟು ಎತ್ಕೊಂಡು ಹೋಗ್ತಾ ಇದೆ ಕಣೇ!"

ಅವಳ ಕಣ್ಣು ಅವನ ಹಿಂದಕ್ಕೆ ಹೋಯಿತು. ಕಲ್ಲುಪುಡಿ ಕವಿದ ಬೆಳ್ಳನೆಯ ಬೀದಿಯಲ್ಲಿ ಎಡಗಾಲಿನ ಹೆಜ್ಜೆ ಇದ್ದಲ್ಲೆಲ್ಲ ಕೆಂಪಗಿತ್ತು. ಶೆಡ್ಡಿನ ಬಾಗಿಲಿನಿಂದ ಅವನು ನಿಂತಿದ್ದ ಜಾಗದವರೆಗೂ ಇತ್ತು.

"ಕೂತ್ಕೊಳ್ರೀ! ಕೂತ್ಕೊಳ್ಳಿ ಅಲ್ಲೇ!" ಅಂತ ಅವಳು ಕಿರುಚಿದ್ದಕ್ಕೆ ಅಕ್ಕಪಕ್ಕದ ಶೆಡ್ಡುಗಳ ಸುತ್ತಿಗೆ ಸದ್ದು ನಿಂತುಹೋಯಿತು. ಬೆರಳುದ್ದದ ಚಕ್ಕೆಯೊಂದು ಅಟ್ಟೆಯನ್ನು ತೂರಿ, ಕಿರುಬೆರಳಿನ ಬುಡಕ್ಕೆ ಇಳಿದಿತ್ತು. ಅವಳು ಅದನ್ನು ಹಿಡಿದು ಎಳೆದಳು. ಕದಿರೇಶ ಇನ್ನೂ ನಗುಮುಖದಲ್ಲೇ ಇದ್ದ. "ಏನಾಯ್ತೇ?" ಅಂದ. ಅವನಿಗೆ ನೋವೇ ಆಗಿರಲಿಲ್ಲ, ಅವಳು ಸೆರಗಿನಿಂದ ಆ ಪಾದವನ್ನು ಬಿಗಿಯಾಗಿ ಒತ್ತಿಹಿಡಿದಳು.

ಕೋಲಾರದ ಆಸ್ಪತ್ರೆಗೆ ಬೈಕಿನಲ್ಲಿ ಧಾವಿಸಿ ಬಂದ ನಂದೀಶನನ್ನು ಅವಳು ಕಾರಿಡಾರಿನಲ್ಲೇ ಹಿಡಿದುಕೊಂಡಳು. "ಯಾಕಪ್ಪ ಕೊಟ್ಟೆ? ಆಗಲ್ಲ ಅಂತ ಹೇಳಿರಲಿಲ್ವಾ ನಾನು?"

"ನೀವೇ ಅಂದ್ರಲ್ಲ ರತ್ನಕ್ಕ, ಸಾಗುತ್ತೆ ಅಂತ! ಎರಡು ಸಲ ಅಂದ್ರಿ!"

"ಸಾಗ್ತದೆ ಅಂದೆ. ಎಳೆದ್ರೆ ಸಾಗ್ತದೆ, ನಿಲ್ಲಲ್ಲ ಅಂತ..." ಅಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನಂದೀಶ ಹುತ್ತೂರಿನ ಕಡೆಯವನು, ಅವನ ಮನೆಯಲ್ಲಿ ತೆಲುಗಿಲ್ಲ. ನಡೆಯುತ್ತೆ, ಪರವಾಗಿಲ್ಲ, ಮುಂದಕ್ಕೆ ಹೋಗಲಿ, ಅವನಿಗೆ ಕೇಳಿಸಿದ್ದು ಅದು. ಅವನು ಬೆಂಚಿನ ಮೇಲೆ ಕುಸಿದು ತಲೆ ಮೇಲೆ ಕೈ ಹೊತ್ತುಕೊಂಡ. "ನಿಮಗೆ ಖುಷಿಯಾಗ್ಲಿ ಅಂತ ಮಾಡ್ದೆ ಅಕ್ಕ" ಅಂದ. ಅವಳಿಗೆ ಅವನ ಮೇಲೆ ಕೆಂಡದಂಥ ಕೋಪ ಬಂದಿತ್ತು. ಅದು ಯಾವ ಕಡೆಗೆ ಹೋಗಬೇಕೋ ತಿಳಿಯದೆ ಅವಳ ಕಡೆಗೇ ತಿರುಗಿತು. ಮಾತು ತಪ್ಪಿದ್ದು ಒಂದು ಕಡೆಗಿರಲಿ, ಇನ್ನೊಂಚೂರು ಇನ್ನೊಂಚೂರು ಅಂತ ರಬ್ಬರು ಸುರಿಸಿದ್ದು ಯಾರು?

ಡಾಕ್ಟರಮ್ಮ ಬೆರಳು ಉಳಿಸಿದರು. "ಈ ಸಲ ಉಳಿದಿದೆ. ಇದೇ ಕಾಲಿಗೆ ಇನ್ನೊಂದು ಗಾಯ ಆದ್ರೆ ನಾನು ಮಾತು ಕೊಡೋಕಾಗಲ್ಲ" ಅಂದರು. ವಾರಗಟ್ಟಲೆ ಕದಿರೇಶ ಕಾಲಿಗೆ ಬಿಳಿ ಬಟ್ಟೆ ಸುತ್ತಿಕೊಂಡು, ದಿಂಬಿನ ಮೇಲೆ ಪಾದ ಇಟ್ಟುಕೊಂಡು ಮನೆಯಲ್ಲೇ ಬಿದ್ದಿದ್ದ. ಹೊರಗೆ ಉಳಿಗಳ ಟಣ್ ಟಣ್ ಕೇಳಿದಾಗಲೆಲ್ಲ ಅವನ ಬಲಗೈ ತಾನಾಗಿ ಮುಷ್ಟಿ ಕಟ್ಟಿ, ಗಾಳಿಯಲ್ಲಿ ಸುತ್ತಿಗೆ ಎತ್ತುತ್ತಿತ್ತು. ಅವನು ನಿದ್ದೆ ಹೋದಾಗಲೂ ಎತ್ತುತ್ತಿತ್ತು. ನಿದ್ದೆಯಲ್ಲಿ ಅವನು ಯಾವ ದೇವರನ್ನು ಕೆತ್ತುತ್ತಿದ್ದಾನೋ ಅಂತ ರತ್ನಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಆ ದಿನಗಳಲ್ಲಿ ಅವಳಿಗೆ ಒಂದು ಕನಸೂ ಬೀಳಲಿಲ್ಲ.

ಕೆಲಸಕ್ಕೆ ಮರಳಿದ ದಿನ ನಂದೀಶ ರೋಲರುಗಳ ಪಕ್ಕದಲ್ಲಿ ನಿಂತು, "ಇನ್ಮೇಲೆ ಇಲ್ಲಿ ಆ ಮಾತೇ ಬೇಡ ಅಕ್ಕ. ಎಳೆದಾಗ ಬಂದ್ರೆ ಹಿಗ್ಗುತ್ತೆ ಅನ್ನಿ. ಸರಿಯಾಗಿದ್ರೆ ಆಗುತ್ತೆ ಅನ್ನಿ. ನಿಮ್ಮ ಆ ಇನ್ನೊಂದನ್ನ ಗೇಟಿನ ಹೊರಗೇ ಬಿಟ್ಟು ಬನ್ನಿ" ಅಂದ. ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗುವಾದ್ದರಿಂದ ಜೊತೆಗೆ ಕಣ್ಣೀರೂ ಬಂತು.

ಈ ಸಲ ದಾರಿ ಹೊಳೆದದ್ದು ನಂದೀಶನಿಗೆ. ಒಂದೇ ಮಿಶ್ರಣದ ಹತ್ತಿರ ಎರಡೂ ಗುಣ ಕೇಳುತ್ತಿದ್ದೇವೆ, ಅದು ಪಾಪ ಎಲ್ಲಿಂದ ತರುತ್ತದೆ, ಎರಡು ಮಾಡೋಣ ಅಂದ. ಪಾದದ ಕಡೆಗೆ ರಬ್ಬರು ಮುಂದಾದ ಮಿಶ್ರಣ, ಒತ್ತಿದರೆ ತಗ್ಗಿ ಬಿಟ್ಟರೆ ಏಳುವಂಥದ್ದು. ನೆಲದ ಕಡೆಗೆ ಪ್ಲಾಸ್ಟಿಕ್ ಮುಂದಾದ ಮಿಶ್ರಣ, ಆದರೆ ನಡೆದಾಗ ಬಾಗುವಷ್ಟು ರಬ್ಬರು ಅದಕ್ಕೂ ಬೇಕು. ಎರಡರಲ್ಲೂ ಎರಡೂ ಇರುವುದರಿಂದ ಪ್ರೆಸ್ಸಿನ ಬಿಸಿಯಲ್ಲಿ ಅವು ಒಂದನ್ನೊಂದು ಬಿಡುವುದಿಲ್ಲ. ಕೆಳಗಿನದಕ್ಕೆ ಪ್ಲಾಸ್ಟಿಕ್ ಸುರಿಯುವಾಗ ರತ್ನಮ್ಮನ ಕೈ ತಡೆಯಿತು. ಅಷ್ಟು ಗಡುಸನ್ನು ತನ್ನ ಕೈಯಾರೆ ಅವನ ಕಾಲ ಕೆಳಗೆ ಇಡುವುದೇ ಅನ್ನಿಸಿತು. ಆದರೂ ಸುರಿದಳು. ಈ ಸಲ ಪಟ್ಟಿ ಮಿಷನ್ನಿಗೂ ಹೋಯಿತು. ಸಾಲದೆಂದು ಅವಳು ಮನೆಯಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ಚಕ್ಕೆಗಳನ್ನು ನೆಲದ ಮೇಲೆ ಹರಡಿ, ಅಟ್ಟೆ ಕಟ್ಟಿಕೊಂಡು ಅವುಗಳ ಮೇಲೆ ತಾನೇ ನಡೆದಳು. ಹಿಂದಕ್ಕೂ ಮುಂದಕ್ಕೂ, ನಂದೀಶ "ಸಾಕು ಬನ್ನಿ ಅಕ್ಕ, ನೆಲ ಸವೆದೋಯ್ತು" ಅನ್ನುವವರೆಗೆ ನಡೆದಳು.

"ಆಗುತ್ತೆ" ಅಂದಳು ಕೊನೆಗೆ. ಮಾಸ್ಕ್ ತೆಗೆದು ಇನ್ನೊಮ್ಮೆ ಅಂದಳು.

ಆದರೆ ಅವಳದು ಹಗುರ ಮೈ, ಅವನು ಆರಡಿಯ ಆಳು, ಹೆಗಲ ಮೇಲೆ ಕಲ್ಲು ಬೇರೆ. ಆಗುತ್ತೆ ಅಂದದ್ದೇನೋ ಅಂದಳು, ನಂಬಿಕೆ ಮಾತ್ರ ಪೂರ್ತಿ ಬಂದಿರಲಿಲ್ಲ. ಡಾಕ್ಟರಮ್ಮ ಒಪ್ಪಿದ ಮೇಲೆ, ಕದಿರೇಶ ಹೊಸ ಅಟ್ಟೆಯ ಚಪ್ಪಲಿ ಹಾಕಿಕೊಂಡು ಮತ್ತೆ ಶೆಡ್ಡಿಗೆ ಹೊರಟ ದಿನ ಅವಳು ರಜೆ ಹಾಕಿ ಅವನ ಜೊತೆಗೇ ಹೋದಳು. ಅರ್ಧ ಕೆತ್ತಿದ ದೇವರುಗಳ ನಡುವೆ ಗೋಣಿತಾಟು ಹಾಸಿಕೊಂಡು ಕೂತಳು. ಅವುಗಳಿಗೆ ಮೂಗು ಮೂಡಿತ್ತು, ಕಣ್ಣು ಮೂಡಿರಲಿಲ್ಲ. ಬಿಸಿಲಿನ ಕೋಲಿನಲ್ಲಿ ಕಲ್ಲುಪುಡಿ ಮೇಲಕ್ಕೇಳುತ್ತಾ ಇಳಿಯುತ್ತಾ ಇತ್ತು, ಉಳಿಯ ಸದ್ದು ದೂರದಿಂದ ಬರುತ್ತಿರುವ ಹಾಗೆ ಕೇಳುತ್ತಿತ್ತು. ಅವನು ಕಲ್ಲಿನ ಸುತ್ತ ಓಡಾಡುತ್ತಿದ್ದ. ಅವಳ ಕಣ್ಣು ಅವನ ಪಾದ ಬಿಟ್ಟು ಅಲುಗಲಿಲ್ಲ. ತನ್ನ ಅಂಗಾಲನ್ನೇ ಕಿತ್ತು ಅವನಿಗೆ ಅಂಟಿಸಿದ ಹಾಗೆ, ಅವನು ಇಡುವ ಒಂದೊಂದು ಹೆಜ್ಜೆಯೂ ಅವಳ ಅಂಗಾಲಿನಲ್ಲೇ ಜುಮ್ಮೆನ್ನುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅವನು ಒಂದು ಪೀಠದ ಕಲ್ಲನ್ನು ಎತ್ತಿ ಹೆಗಲಿಗಿಟ್ಟು ತಿರುಗಿದ. ಎಡಗಾಲ ಕೆಳಗೆ ಕಟಕ್ಕೆಂದಿತು. ಅವನಿಗೆ ಗೊತ್ತಾಗಲಿಲ್ಲ. ಅವನು ಕಲ್ಲು ಇಳಿಸಿ, ಬೆವರು ಒರೆಸಿಕೊಂಡು, ಅವಳ ಪಕ್ಕ ಬಂದು ಕೂತು ಕಾಲು ಚಾಚಿದ. ಅಟ್ಟೆಯ ಅಡಿಯಲ್ಲಿ, ಕಿರುಬೆರಳಿನ ಕೆಳಗೆ, ಚಕ್ಕೆಯೊಂದು ನೆಟ್ಟಗೆ ನಿಂತಿತ್ತು.

ರತ್ನಮ್ಮನ ಕೈ ಮುಂದಕ್ಕೆ ಹೋಗಲಿಲ್ಲ. ಅವನು ಅವಳ ಮುಖ ನೋಡಿದ. ನಗು ಮಾಸಿತು. "ಹೋಯ್ತೇನೇ?" ಅಂದ ಮೆಲ್ಲಗೆ. "ಪರವಾಗಿಲ್ಲ, ಹೇಳು. ಬೆರಳು ತಾನೆ."

ಅವಳು ಪಟ್ಟಿ ಬಿಚ್ಚಿ ಚಪ್ಪಲಿ ಕಳಚಿದಳು. ಒಳಗಡೆ ಕೈಯಾಡಿಸಿದಳು. ನುಣ್ಣಗಿತ್ತು. ಚಕ್ಕೆಯನ್ನು ಹಿಡಿದು ಜಗ್ಗಿದಳು. ಕೆಳಗಿನ ಪದರದಲ್ಲಿ ಅರ್ಧ ದಾರಿಗೆ ಸಿಕ್ಕಿಕೊಂಡದ್ದು ಸುಲಭಕ್ಕೆ ಬರಲಿಲ್ಲ. ಪಾದವನ್ನು ತೊಡೆಯ ಮೇಲೆ ಎಳೆದುಕೊಂಡು ಬೆರಳು ಬೆರಳು ಬಿಡಿಸಿ ನೋಡಿದಳು. ಹಳೆಯ ಗಾಯದ ಕಲೆ ಇತ್ತು. ಹೊಸದೇನೂ ಇರಲಿಲ್ಲ. ಪಾದ ಒಣಗಿತ್ತು, ಬೆಚ್ಚಗಿತ್ತು, ಇಡಿಯಾಗಿತ್ತು.

"ಒಳಕ್ಕೆ ಬಂದಿಲ್ಲ" ಅಂದಳು. ಬಗ್ಗಿ ಆ ಅಂಗಾಲಿಗೆ ಮುಖ ಇಟ್ಟು ಅತ್ತುಬಿಟ್ಟಳು. ಪಕ್ಕದ ಶೆಡ್ಡಿನವರು ನೋಡಿದರೆ ನೋಡಲಿ.

ಕದಿರೇಶನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. "ಏನ್ ಮಾಡ್ತಾ ಇದೀಯೇ ಅಲ್ಲಿ? ನಂಗೊತ್ತಾಗಲ್ಲ ಕಣೇ, ಬಾಯ್ಬಿಟ್ಟು ಹೇಳು" ಅಂದ.

"ನಿಮ್ಮ ಅಂಗಾಲಿಗೆ ನನ್ನ ಕೆನ್ನೆ ಇಟ್ಕೊಂಡಿದೀನಿ" ಅಂದಳು.

ಅವನು ಶೆಡ್ಡಿನ ಕಂಬಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡ. "ಹಂಗೇ ಇರು ಹಂಗಾದ್ರೆ" ಅಂದ.